‘ನಿನ್ನ ನಾಮ’, ‘ನಿಮ್ಮ ನಾಮ’: ಲಿಯೋನ್‌ನಲ್ಲಿ ಒಂದು ಜನವರಿ ಸಂಜೆ

ಜನವರಿಯಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಸಂಜೆ ಆರಕ್ಕೇ ಕತ್ತಲು. ನದಿ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತದೆ. ಆದರೂ 18ರಿಂದ 25ರವರೆಗೆ ನಾನು ಮನೆಯಲ್ಲಿ ಕೂರುವುದಿಲ್ಲ. ಅದು ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥಿಸುವ ವಾರ. ಒಂದು ಸಂಜೆ ಕ್ಯಾಥೊಲಿಕರ ಚರ್ಚು, ಇನ್ನೊಂದು ಸಂಜೆ ಪ್ರೊಟೆಸ್ಟೆಂಟರದು, ಆಮೇಲೆ ಪೂರ್ವದ ಹಳೆಯ ಸಭೆಯವರಾದ ಆರ್ಥೊಡಾಕ್ಸರದು. ಎಲ್ಲ ಕಡೆಗೂ ಎಲ್ಲರೂ ಬರುತ್ತಾರೆ.

ಊರಲ್ಲಿ ನಾನು ಹೀಗೆ ಬೆಳೆದವಳಲ್ಲ. ನಮ್ಮದು ಧಾರವಾಡ. ಹಿರಿಯರು ಬಾಸೆಲ್ ಮಿಶನ್ ಕಾಲದವರು, ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರು. ಕ್ರಿಸ್‌ಮಸ್‌ಗೆ ಪಕ್ಕದ ಬೀದಿಯ ಕ್ಯಾಥೊಲಿಕರ ಮನೆಯಿಂದ ಕರ್ಚಿಕಾಯಿ ಬರುತ್ತಿತ್ತು, ನಮ್ಮಲ್ಲಿಂದ ಕೇಕ್ ಹೋಗುತ್ತಿತ್ತು. ಪ್ರಾರ್ಥನೆಗೆ ಮಾತ್ರ ಅವರು ಅಲ್ಲಿ, ನಾವು ಇಲ್ಲಿ. ಜಗಳ ಏನೂ ಇರಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ, ಅಷ್ಟೇ.

ಈ ಪ್ರಾರ್ಥನೆ ಶುರುವಾಗಿದ್ದು 1908ರಲ್ಲಿ, ಅಮೆರಿಕದಲ್ಲಿ. ಆಗ ಅದರ ಆಸೆ, ಎಲ್ಲರೂ ರೋಮಿನ ಸಭೆಗೆ, ಅಂದರೆ ಕ್ಯಾಥೊಲಿಕ್ ಸಭೆಗೆ, ಮರಳಿ ಬರಲಿ ಎಂಬುದಾಗಿತ್ತು. ಉಳಿದವರು ಅದಕ್ಕೆ ಹೇಗೆ ಆಮೆನ್ ಅಂದಾರು? ಅದನ್ನು ತಿದ್ದಿದವರು ಇದೇ ಲಿಯೋನಿನ ಪಾಲ್ ಕುಟುರಿಯೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಕ್ಯಾಥೊಲಿಕ್ ಪಾದ್ರಿ. ರಷ್ಯಾದಿಂದ ಓಡಿಬಂದ ನಿರಾಶ್ರಿತರಿಗೆ ನೆರವಾಗುತ್ತ ಆರ್ಥೊಡಾಕ್ಸರ ಭಕ್ತಿಯನ್ನು ಹತ್ತಿರದಿಂದ ಕಂಡವರು. 1930ರ ದಶಕದಲ್ಲಿ ಅವರು ಪ್ರಾರ್ಥನೆಯ ಮಾತನ್ನೇ ಬದಲಿಸಿದರು: ಕ್ರಿಸ್ತನು ಬಯಸುವ ಐಕ್ಯ ಬರಲಿ, ಅವನು ಬಯಸುವ ದಾರಿಯಲ್ಲೇ ಬರಲಿ. ಇಲ್ಲಿ ಯಾರೂ ಸೋಲಬೇಕಿಲ್ಲ, ಅಲ್ವಾ? 1572ರಲ್ಲಿ ನೂರಾರು ಪ್ರೊಟೆಸ್ಟೆಂಟರನ್ನು ಕೊಂದ ಊರು ಇದು. ಇಲ್ಲಿಂದಲೇ ಈ ಮಾತು ಹೊರಟಿತು ಎಂದು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮೊದಲ ವರ್ಷದ ಒಂದು ಸಂಜೆ ಮರೆಯಲಾರೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಅವರವರ ತಾಯಿಮಾತಲ್ಲಿ ಹೇಳಿ ಎಂದರು. ನಾನು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡಿದೆ. ಹಿಂದಿನ ಬೆಂಚಿನಿಂದ ‘ಸ್ವರ್ಗದಲ್ಲಿರುವ’ ಎಂದು ಕೇಳಿತು. ಕನ್ನಡ! ನಾನು ‘ನಿನ್ನ ನಾಮ’ ಅಂದೆ, ಆ ದನಿ ‘ನಿಮ್ಮ ನಾಮ’ ಅಂತು. ಇಬ್ಬರೂ ತಡವರಿಸಿದೆವು. ‘ಅನುದಿನದ ಆಹಾರ’ಕ್ಕೆ ಬಂದಾಗ ಎರಡೂ ದನಿ ಒಂದಾದವು. ತಿರುಗಿ ನೋಡಿದರೆ ಸ್ವೆಟರ್ ಮೇಲೆ ಕೋಟು ಹಾಕಿಕೊಂಡ ಶಿವಮೊಗ್ಗದ ಕ್ಯಾಥೊಲಿಕ್ ಅಕ್ಕ, ಕಣ್ಣು ಒದ್ದೆ.

ಫ್ರೆಂಚರಿಗೂ ಇದೇ ತೊಡಕಿತ್ತಂತೆ. ಹಿಂದೆ ಕ್ಯಾಥೊಲಿಕರು ಈ ಪ್ರಾರ್ಥನೆಯಲ್ಲಿ ದೇವರನ್ನು ‘ನೀವು’ ಎನ್ನುತ್ತಿದ್ದರು. 1966ರಲ್ಲಿ ಮೂರೂ ಕಡೆಯವರು ಸೇರಿ ಒಂದೇ ಪಾಠ ಒಪ್ಪಿಕೊಂಡರು, ‘ನೀನು’ ಎಂದೇ. ಈಗ ಹೆಚ್ಚಿನ ಚರ್ಚುಗಳಲ್ಲಿ ‘ನೀನು’ ಎಂದೇ ಕೇಳುತ್ತದೆ.

ಮರುವರ್ಷ ಅಪ್ಪ ತೀರಿಕೊಂಡರು. ನನಗೆ ಊರಿಗೆ ಹೋಗಲಾಗಲಿಲ್ಲ. ಆ ರಾತ್ರಿ ಅಕ್ಕ ಬಂದರು. ಜತೆಗೆ ನಮ್ಮ ಸಭೆಯ ಒಬ್ಬ ಫ್ರೆಂಚ್ ಅಜ್ಜಿ, ರೊಮೇನಿಯಾದ ಒಬ್ಬ ಆರ್ಥೊಡಾಕ್ಸ್ ಹುಡುಗ. ಸಾಂತ್ವನದ ಮಾತೇನೂ ಜಾಸ್ತಿ ಆಡಲಿಲ್ಲ. ಸುಮ್ನೆ ಮೊಣಕಾಲೂರಿ ಕೂತರು. ಹುಡುಗ ತನ್ನ ಪದ್ಧತಿಯಂತೆ ಮೇಣದಬತ್ತಿ ಹಚ್ಚಿದ. ಬೋಧನೆಯ ಭೇದ ಎಷ್ಟೇ ಇರಲಿ, ನನ್ನ ಅಪ್ಪನಿಗಾಗಿ ಅತ್ತವರನ್ನು ಬೇರೆಯವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ನಾನೂ ಅಕ್ಕನೂ ಇನ್ನೂ ಒಟ್ಟಿಗೆ ಹೋಗುವ ಹಾಗಿಲ್ಲ. ಅವರ ಪೂಜೆಯಲ್ಲಿ ರೊಟ್ಟಿ ಹಂಚುವಾಗ ನಾನು ಬೆಂಚಲ್ಲೇ ಉಳಿಯುತ್ತೇನೆ. ಅದು ನೋವೇ. ಇಬ್ಬರೂ ಆ ನೋವನ್ನೇ ಪ್ರಾರ್ಥನೆಯಲ್ಲಿ ಇಡುತ್ತೇವೆ.

ಈಗ ಗುರುವಾರ ಸಂಜೆ ಅಕ್ಕನ ಅಡುಗೆಮನೆಯಲ್ಲಿ ನಾವಿಬ್ಬರೇ ಕೂರುತ್ತೇವೆ. ಒಂದು ವಾರ ಅವರ ಪಾಠ, ಒಂದು ವಾರ ನಮ್ಮದು. ಅವರ ವಾರದಲ್ಲೂ ನನ್ನ ಬಾಯಿಗೆ ‘ನಿನ್ನ’ ಎಂದೇ ಬಂದುಬಿಡುತ್ತದೆ. ಅಕ್ಕ ನಿಲ್ಲಿಸಿ, ನಾನು ‘ನಿಮ್ಮ’ ಅನ್ನುವವರೆಗೂ ಕಾಯುತ್ತಾರೆ.