ಯಾವ ವಿಮಾನ ಅಂತ ಯಾರೂ ಕೇಳಲ್ಲ

ಸ್ಕೈಡೈವಿಂಗ್ ಮಾಡ್ತೀನಿ ಅಂದರೆ ಎಲ್ಲರೂ ಪ್ಯಾರಾಚೂಟ್ ಬಗ್ಗೆಯೇ ಕೇಳುತ್ತಾರೆ. ಏರಿದ್ದು ಯಾವ ವಿಮಾನ ಅಂತ ಯಾರೂ ಕೇಳುವುದಿಲ್ಲ. ನನಗಂತೂ ಅರ್ಧ ಅನುಭವ ಅದರಲ್ಲೇ ಇದೆ.

ನನ್ನ ಮೊದಲ ಜಿಗಿತ ಸೆಸ್ನಾ 182ರಿಂದ. ಒಂದೇ ಎಂಜಿನ್. ಪೈಲಟ್ ಬಿಟ್ಟರೆ ನಾಲ್ಕೇ ಜನ, ಸೀಟು ತೆಗೆದ ನೆಲದ ಮೇಲೆ ಮಂಡಿ ಮಡಚಿಕೊಂಡು ಕೂತಿದ್ದೆವು. 10,000 ಅಡಿ ಏರುವುದಕ್ಕೆ ಅರ್ಧ ಗಂಟೆ ಹತ್ತಿರ ಹಿಡಿಯಿತು. ಹೆದರಿಕೊಳ್ಳುವುದಕ್ಕೆ ಅಷ್ಟು ಹೊತ್ತು ಜಾಸ್ತಿಯೇ ಅಲ್ವಾ? ಬಾಗಿಲು ತೆರೆದ ಮೇಲೆ ಚಕ್ರದ ಹತ್ತಿರದ ಪುಟ್ಟ ಮೆಟ್ಟಿಲ ಮೇಲೆ ಕಾಲಿಟ್ಟು, ರೆಕ್ಕೆಗೆ ಆಸರೆ ಕೊಡುವ ಓರೆ ಕಂಬಿ ಹಿಡಿದು ನಿಂತೆ. ಗಾಳಿ ಕಾಲನ್ನು ಹಿಂದಕ್ಕೆ ತಳ್ಳುತ್ತಿತ್ತು. ಆ ಕಂಬಿಯ ತಣ್ಣಗಿನ ಸ್ಪರ್ಶ ಇನ್ನೂ ಬೆರಳಲ್ಲಿದೆ.

ಆಮೇಲೆ ಟ್ವಿನ್ ಆಟರ್ ಸಿಕ್ಕಿತು. ಎರಡು ಟರ್ಬೊಪ್ರಾಪ್ ಎಂಜಿನ್, 20 ಜನ, ಅಗಲವಾದ ಬಾಗಿಲು. 15 ನಿಮಿಷದೊಳಗೆ 13,000 ಅಡಿ ಮುಟ್ಟಿದ್ದೆವು. ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಂಪಾಗಿ ಜಿಗಿದೆವು. ಸೆಸ್ನಾದಿಂದ ಬಿದ್ದಾಗ ಪ್ಯಾರಾಚೂಟ್ ಬಿಚ್ಚುವ ತನಕ ಸಿಕ್ಕಿದ್ದು ಅರ್ಧ ನಿಮಿಷ. ಇಲ್ಲಿ ಹೆಚ್ಚುಕಮ್ಮಿ ಒಂದು ನಿಮಿಷ. ಆ ಹೆಚ್ಚಿನ ಸೆಕೆಂಡುಗಳಲ್ಲೇ ನಾನು ಮೊದಲ ಬಾರಿ ಸುತ್ತ ಕಣ್ಣಾಡಿಸಿದ್ದು.

ಆದರೂ ಆ ಚಿಕ್ಕ ಸೆಸ್ನಾ ಮೇಲೆ ಪ್ರೀತಿ ಕಮ್ಮಿಯಾಗಿಲ್ಲ.

ಇನ್ನು ಬಿಸಿಗಾಳಿ ಬಲೂನಿನಿಂದ ಜಿಗಿಯಬೇಕು. ಅದು ಗಾಳಿಯ ಜೊತೆಗೇ ತೇಲುತ್ತದೆ. ವಿಮಾನದಿಂದ ಹೊರಬಿದ್ದ ಕೂಡಲೇ ಮೈಗೆ ಬಡಿಯುವ ಆ ಗಾಳಿ ಅಲ್ಲಿರುವುದಿಲ್ಲ. ಮೊದಲ ಕ್ಷಣ ಪೂರ್ತಿ ನಿಶ್ಶಬ್ದ, ಹೊಟ್ಟೆಯಲ್ಲಿ ಧಸಕ್ ಅನ್ನುತ್ತದಂತೆ. ಆ ನಿಶ್ಶಬ್ದವನ್ನು ಒಮ್ಮೆ ಕೇಳಬೇಕು.