ಭಿಕ್ಷೆ ಹಾಕಬೇಕೋ ಬೇಡವೋ: ಕೇಳುವವರಿಗೆಲ್ಲ ಒಂದೇ ಸಲ

"ನೀವು ಈ ಪಿಂಚಣಿ ಅರ್ಜಿ, ಆಧಾರ್ ಓಡಾಟ ಎಲ್ಲ ಮಾಡ್ತೀರಲ್ಲ, ಒಂದು ಮಾತು ಕೇಳ್ಲಾ? ಈ ಭಿಕ್ಷುಕರಿಗೆ ದುಡ್ಡು ಹಾಕಬೇಕಾ, ಬೇಡವಾ? ನಮಗಿಂತ ಜಾಸ್ತಿ ದುಡೀತಾರಂತೆ. ಸಂಜೆ ಆಟೋ ಮಾಡ್ಕೊಂಡು ಮನೆಗೆ ಹೋಗ್ತಾರಂತೆ. ಯಾರದೋ ಚೀಲದಲ್ಲಿ ಲಕ್ಷಗಟ್ಟಲೆ ಸಿಕ್ತಂತೆ."

ಮದುವೆ ಮನೆಯ ಪಂಕ್ತಿಯಲ್ಲಿ, ನಮ್ಮ ಶಿವಮೊಗ್ಗದ ಗೋಪಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ, ದುರ್ಗಿಗುಡಿಯ ಔಷಧಿ ಅಂಗಡಿಯ ಕಟ್ಟೆಯಲ್ಲಿ ಕೇಳುವವರ ಮುಖ ಬೇರೆ ಬೇರೆ. ಆ 'ಅಂತೆ' ಮಾತ್ರ ಒಂದೇ. ಎಂಥ ಅನುಕೂಲದ ಪದ ನೋಡಿ ಅದು. ಹೇಳಿದ್ದು ನಾನಲ್ಲ, ಸುಳ್ಳಾದರೆ ಹೊಣೆ ನನ್ನದಲ್ಲ, ಜೇಬಿಗೆ ಕೈ ಹಾಕದೆ ಉಳಿದ ಹತ್ತು ರೂಪಾಯಿ ಮಾತ್ರ ನನ್ನದು. ಇದೇ ಜನ ಪಕ್ಕದ ಮನೆಯವರ ಸಂಬಳದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವುದಿಲ್ಲ.

ಉತ್ತರ ಸಣ್ಣದು. ಹಾಕಬೇಕು ಅನಿಸಿದರೆ ಹಾಕಿ, ಇಲ್ಲದಿದ್ದರೆ ಬಿಡಿ. ನಿಮ್ಮ ಹತ್ತು ರೂಪಾಯಿಯಿಂದ ಯಾರೂ ಉದ್ಧಾರವಾಗುವುದಿಲ್ಲ, ಹಾಳಾಗುವುದೂ ಇಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ಅದಕ್ಕೆ ಒಂದು ಊಟ, ಅದರ ಅರ್ಧಕ್ಕೆ ತಿಂಡಿ. ಕುಡಿಯುವವನಿಗೆ ಹತ್ತು ಸಾಲುವುದಿಲ್ಲ, ಅವನು ಇನ್ನೂ ಹತ್ತಾರು ಜನರನ್ನು ಕೇಳಲೇಬೇಕು. ಹಾಕದವರು ಪಾಪಿಗಳೆಂದು ನಾನು ಎಲ್ಲೂ ಹೇಳಿಲ್ಲ. ನಾನೂ ಸಿಗ್ನಲ್ಲಿನಲ್ಲಿ ಹಾಕುವುದಿಲ್ಲ. ಅದಕ್ಕೂ ಮಾತು ಕೇಳಬೇಕು: "ನೀವೇ ಕಿಟಕಿ ಏರಿಸಿಬಿಟ್ರೆ ಹೆಂಗೆ?" ನನ್ನದು ಸ್ಕೂಟರು ಮಾರಾಯ್ರೆ. ಏರಿಸಲು ಕಿಟಕಿ ಇಲ್ಲ.

ಹಾಗಾದರೆ ಮೋಸ ಇಲ್ಲವೇ? ಇದೆ. ಅದನ್ನು ಪರೀಕ್ಷಿಸುವ ದಾರಿಯೂ ಇದೆ, 'ಅಂತೆ' ಬೇಕಾಗಿಲ್ಲ. ಮಗುವಿಗೆ ಹಾಲಿನ ಪುಡಿ ಕೊಡಿಸಿ ಎಂದು ಅಂಗಡಿಗೆ ಕರೆದೊಯ್ಯುವ ಆಟದಲ್ಲಿ ಡಬ್ಬ ನೀವು ತಿರುವು ದಾಟುವಷ್ಟರಲ್ಲಿ ಅಂಗಡಿಗೆ ವಾಪಸ್ಸಾಗಿ ನಗದಾಗುತ್ತದೆ. ಡಬ್ಬದ ಸೀಲು ಅಲ್ಲೇ ಕತ್ತರಿಸಿ ಕೊಡಿ. ಹಾಲು ನಿಜಕ್ಕೂ ಬೇಕಾದವರು ಬೇಸರ ಮಾಡಿಕೊಳ್ಳುವುದಿಲ್ಲ. ಔಷಧಿ ಚೀಟಿ ಹಿಡಿದು ಬಂದರೆ ಮೊದಲು ತಾರೀಖು ನೋಡಿ. ಮಡಿಕೆಯಲ್ಲೇ ಹರಿದುಹೋದ, ಆರು ತಿಂಗಳ ಹಿಂದಿನ ಚೀಟಿಗೆ ಇವತ್ತು ಔಷಧಿ ಬೇಕಾಗುವುದು ಕಡಿಮೆ. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಮಾತ್ರೆ ಬೇರೆ ವಿಷಯ, ಅವು ಹಳೆ ಚೀಟಿಯಲ್ಲೂ ನಿಜವೇ ಇರಬಹುದು. ಅಂಗಡಿಯವರಿಗೆ ಹೇಳಿ ಹತ್ತು ದಿನದ್ದು ಕತ್ತರಿಸಿ ಕೊಡಿಸಿ, ಇಡೀ ತಿಂಗಳದ್ದು ಬೇಡ. ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಚೀಟಿಯಾಗಿದ್ದರೆ ಅದರಲ್ಲಿ ಎಷ್ಟೋ ಮಾತ್ರೆ ಅಲ್ಲೇ ಪುಕ್ಕಟೆ ಸಿಗುತ್ತವೆ.

ಇನ್ನು ಬಸ್ ನಿಲ್ದಾಣದ ಹಳೆಯ ಕತೆ, "ಪರ್ಸ್ ಕಳೆದುಹೋಯ್ತು, ಊರಿಗೆ ಟಿಕೆಟ್ಟಿಗೆ ದುಡ್ಡಿಲ್ಲ." 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಂಗಸರು ಹೀಗೆ ಕೇಳಿದರೆ ಸುಳ್ಳೇ ಎಂದು ನಮ್ಮ ಬುದ್ಧಿವಂತರು ತೀರ್ಪು ಕೊಟ್ಟಾಗಿದೆ. ಸ್ವಲ್ಪ ತಡೆಯಿರಿ. ಉಚಿತ ಪ್ರಯಾಣ ಇರುವುದು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ, ಅದೂ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ. ಪರ್ಸ್ ಕಳೆದವಳ ಚೀಟಿ ಎಲ್ಲಿದೆ? ಮೇಲಾಗಿ ಇದು ಮಲೆನಾಡು. ತೀರ್ಥಹಳ್ಳಿ, ಹೊಸನಗರದ ಕಡೆಗೆ ಇವತ್ತಿಗೂ ಜನ ನಂಬಿಕೊಂಡಿರುವುದು ಖಾಸಗಿ ಬಸ್ಸುಗಳನ್ನು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಅನುಮಾನವಿದ್ದರೆ ಬಸ್ಸಿನ ತನಕ ಜೊತೆಗೆ ಹೋಗಿ ದುಡ್ಡನ್ನು ಕಂಡಕ್ಟರ್ ಕೈಗೇ ಕೊಡಿ. ಐದು ನಿಮಿಷದ ಕೆಲಸ. ಆ ಐದು ನಿಮಿಷ ಇಲ್ಲದಿದ್ದರೆ 'ನನಗೆ ಪುರುಸೊತ್ತಿಲ್ಲ' ಎನ್ನಿ, 'ಅವಳು ಮೋಸಗಾತಿ' ಎನ್ನಬೇಡಿ.

ಮಕ್ಕಳು ಕೈಯೊಡ್ಡಿದರೆ ಮಾತ್ರ ನನ್ನ ಉತ್ತರದಲ್ಲಿ ಅಥವಾ-ಗಿಥವಾ ಇಲ್ಲ. ದುಡ್ಡು ಹಾಕಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವನ್ನು ಭಿಕ್ಷೆಗೆ ಬಳಸುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 76ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ. ಫೋನಿನಲ್ಲಿ 'ಬಸ್ ಸ್ಟ್ಯಾಂಡ್ ಹತ್ರ' ಎಂದರೆ ಸಾಲದು. ಯಾವ ಗೇಟು, ಯಾವ ಅಂಗಡಿಯ ಎದುರು, ಮಗುವಿನ ಬಟ್ಟೆಯ ಬಣ್ಣ, ಜೊತೆಗೆ ದೊಡ್ಡವರು ಯಾರಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಇಷ್ಟನ್ನು ಹೇಳಿ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರೆ ಮಗುವಿನ ಗುರುತು ಊರಿಗೆಲ್ಲ ಹರಡುತ್ತದೆ, ಮತ್ತೇನೂ ಆಗುವುದಿಲ್ಲ.

ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತ, ಜಡೆಗಟ್ಟಿದ ಕೂದಲಲ್ಲಿ ಅಲೆಯುವವರಿಗೂ ನಿಮ್ಮ ನಾಣ್ಯ ಬೇಡ. ಅವರು ಕೇಳುವುದೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ. 112ಕ್ಕೆ ಫೋನ್ ಮಾಡುವಾಗ 'ಹುಚ್ಚ ಓಡಾಡ್ತಿದ್ದಾನೆ' ಎಂದರೆ 'ತೊಂದ್ರೆ ಕೊಡ್ತಿದ್ದಾನಾ?' ಎಂಬ ಮರುಪ್ರಶ್ನೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಲಂ ಸಂಖ್ಯೆ ಸಮೇತ ಹೇಳಿ. ಸಂಖ್ಯೆಗೆ ನಮ್ಮಲ್ಲಿ ಬೆಲೆ ಜಾಸ್ತಿ.

ಸಂಖ್ಯೆ ಎಂದಾಗ ನೆನಪಾಯಿತು. ಮನೆ ಕಂದಾಯದ ಚಲನ್ ತೆಗೆದು ನೋಡಿ. ಆರೋಗ್ಯ, ಗ್ರಂಥಾಲಯ ಕರಗಳ ಕೆಳಗೆ ಭಿಕ್ಷುಕರ ಕರ ಎಂದು ಒಂದು ಸಾಲು ಇರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಅದು ಆಸ್ತಿ ತೆರಿಗೆಯ ಶೇ. 3. ನಿಮ್ಮ ತೆರಿಗೆ 4,000 ರೂಪಾಯಿ ಇದ್ದರೆ ಅದು 120, ತಿಂಗಳಿಗೆ ಸರಿಯಾಗಿ ಹತ್ತು ರೂಪಾಯಿ. ಹಾಕಬೇಕಾ ಬೇಡವಾ ಎಂದು ವರ್ಷಗಟ್ಟಲೆ ಕೇಳುತ್ತ ಬಂದವರು ತಿಂಗಳು ತಿಂಗಳೂ ಹಾಕುತ್ತಲೇ ಇದ್ದಾರೆ. ಆ ದುಡ್ಡು ಮಹಾನಗರ ಪಾಲಿಕೆಯಿಂದ ಕೇಂದ್ರ ಪರಿಹಾರ ಸಮಿತಿಗೆ ಹೋಗಿ, ಅಲ್ಲಿಂದ ಭಿಕ್ಷುಕರನ್ನು ಇರಿಸಿಕೊಳ್ಳುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಬರಬೇಕು. ಅಂಥ ಕೇಂದ್ರ ಶಿವಮೊಗ್ಗದಲ್ಲೂ ಇದೆ. ಸಿಗ್ನಲ್ಲಿನ ಹತ್ತು ರೂಪಾಯಿ ಎಲ್ಲಿ ಹೋಗುತ್ತದೆ ಎಂದು ಪತ್ತೇದಾರಿ ಮಾಡುವವರು ಚಲನ್ನಿನ ಹತ್ತು ರೂಪಾಯಿ ಎಲ್ಲಿ ಹೋಯಿತು ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೂ ಹತ್ತೇ ರೂಪಾಯಿ. ಈ ವರ್ಷ ಎಷ್ಟು ವಸೂಲಾಯಿತು, ಎಷ್ಟನ್ನು ಸಮಿತಿಗೆ ಕಟ್ಟಿದಿರಿ, ಯಾವ ತಾರೀಖಿಗೆ ಎಂದು ಮೂರು ಸಾಲು ಬರೆದರೆ ಸಾಕು.

ಹಾಗೆಂದು 'ಎಲ್ಲರನ್ನೂ ಹಿಡಿದು ಅಲ್ಲಿಗೆ ಕಳಿಸಿ' ಎನ್ನುವವರ ಪಕ್ಷವೂ ನನ್ನದಲ್ಲ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತದ್ದನ್ನು ರಾಜ್ಯ ಅಷ್ಟು ಬೇಗ ಮರೆಯಬಾರದಿತ್ತು. ದೆಹಲಿಯಲ್ಲಿ ಭಿಕ್ಷೆಯನ್ನು ಅಪರಾಧ ಮಾಡಿದ್ದ ಕಲಂಗಳನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು. ನಮ್ಮ ಕಾಯ್ದೆ ಹಾಗೇ ಇದೆ.

ಸರಿ, ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಕೋಟೆ ಮಾರಿಕಾಂಬ ಗುಡಿಯ ಹತ್ತಿರ ಕೂರುವ ಮುದುಕಿಗೆ ಅರವತ್ತೈದು ದಾಟಿದೆ. ವೃದ್ಧರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರಬೇಕು, ಅಂದರೆ ನಿಮ್ಮ ಹತ್ತರ ನಾಣ್ಯ 120 ಸಲ. ಯಾಕೆ ಬರುತ್ತಿಲ್ಲ?

ಮೊದಲ ಕಾರಣ ವಯಸ್ಸು. ಆಧಾರ್ ಶಿಬಿರದಲ್ಲಿ ಯಾರೋ ಅಂದಾಜಿಗೆ ಹುಟ್ಟಿದ ವರ್ಷ ಹಾಕಿರುತ್ತಾರೆ. ಎಪ್ಪತ್ತರ ಅಜ್ಜಿ ದಾಖಲೆಯಲ್ಲಿ ಐವತ್ತೆಂಟು. ಜನ್ಮದಿನಾಂಕ ತಿದ್ದಲು ಒಂದೇ ಅವಕಾಶ, ಅದಕ್ಕೂ ದಾಖಲೆ ಬೇಕು. ಅಜ್ಜಿ ಶಾಲೆಯ ಮುಖ ನೋಡಿಲ್ಲ. ಅವಸರದಲ್ಲಿ ತಪ್ಪು ತಿದ್ದಿಸಿದರೆ ಆ ಒಂದು ಅವಕಾಶವೂ ಹೋಯಿತು.

ಎರಡನೆಯದು ವಿಳಾಸ. ಅರ್ಜಿ ನಾಡಕಚೇರಿಯಲ್ಲಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆಗೆ ಬರುತ್ತಾರೆ. ಫುಟ್‌ಪಾತಿಗೆ ಮನೆ ನಂಬರ್ ಇಲ್ಲ. 'ಸದರಿ ವಿಳಾಸದಲ್ಲಿ ವಾಸವಿಲ್ಲ' ಎಂದು ಷರಾ ಬಿದ್ದರೆ ಅರ್ಜಿ ತಿರಸ್ಕೃತ. ಅಜ್ಜಿಯ ಹಳೆ ರೇಷನ್ ಕಾರ್ಡು ಶಿಕಾರಿಪುರದ್ದೋ ಸೊರಬದ್ದೋ ಆಗಿದ್ದರೆ ಅರ್ಜಿಯನ್ನು ಅಲ್ಲೇ ಹಾಕುವುದು ಲೇಸು. ಇಲ್ಲದಿದ್ದರೆ ವಸತಿರಹಿತರ ಆಶ್ರಯ ಕೇಂದ್ರಕ್ಕೆ ಸೇರಿಸಿ, ಅದರ ಮೇಲ್ವಿಚಾರಕರಿಂದ ಆಧಾರ್‌ನ ನಿಗದಿತ ನಮೂನೆಯಲ್ಲಿ ವಿಳಾಸದ ಪತ್ರ ಮಾಡಿಸಬೇಕು. ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯ ಕೇಂದ್ರ ಎಂಬುದು ನಿಯಮ. 2011ರ ಜನಗಣತಿಯಂತೆ ಶಿವಮೊಗ್ಗದ್ದು 3.22 ಲಕ್ಷ. ನಮ್ಮೂರಲ್ಲಿ ಎಷ್ಟಿವೆ, ಎಲ್ಲಿವೆ ಎಂದು ನನಗೆ ಪ್ರಶ್ನೆ ಕೇಳಿದವರಲ್ಲಿ ಒಬ್ಬರಾದರೂ ಹೇಳಿದರೆ ಕಾಫಿ ನನ್ನದು.

ಮೂರನೆಯದು ಬೆರಳು. ಅಡಿಕೆ ಸುಲಿದು, ಗದ್ದೆ ನಾಟಿ ಮಾಡಿ, ಪಾತ್ರೆ ತಿಕ್ಕಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಕೈ ತೊಳೆಸಿ, ಒರೆಸಿ, ಹತ್ತೂ ಬೆರಳು ಒಂದೊಂದಾಗಿ ನೋಡಿ. ಆಗದಿದ್ದರೆ ಕಣ್ಣಿನ ಪಾಪೆಯಿಂದ ಮಾಡಿ ಎಂದು ಹಟ ಹಿಡಿಯಿರಿ. ಪೊರೆ ಬಂದ ಕಣ್ಣಾದರೆ ಅದೂ ತಕರಾರು.

ನಾಲ್ಕನೆಯದೇ ಜೀವ ತಿನ್ನುವುದು. ಮಂಜೂರಾತಿ ಆದೇಶ ಕೈಗೆ ಬಂದಿರುತ್ತದೆ, ದುಡ್ಡು ಬರುವುದಿಲ್ಲ. ಖಾತೆಗೆ ಆಧಾರ್ ಜೋಡಿಸಿದ್ದೇವೆ ಎನ್ನುತ್ತದೆ ಬ್ಯಾಂಕು. ಜೋಡಿಸುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆಧಾರ್ ಸಂಖ್ಯೆಗೆ ಯಾವ ಖಾತೆ ಎಂದು ನಮೂದಾಗುವುದು) ಬೇರೆ. ಸರ್ಕಾರದ ದುಡ್ಡು ಆಧಾರ್ ಸಂಖ್ಯೆ ಹಿಡಿದು ಹೋಗುವುದು ಕೊನೆಯದಾಗಿ ಮ್ಯಾಪ್ ಆದ ಖಾತೆಗೆ. ಅದು ಎಂದೋ ಯಾವುದೋ ಸ್ವಸಹಾಯ ಸಂಘಕ್ಕೆಂದು ತೆರೆದು ಮರೆತ ಖಾತೆಯಾಗಿರಬಹುದು. ಎರಡು ವರ್ಷ ವ್ಯವಹಾರ ನಡೆಯದೆ ಅದು ನಿಷ್ಕ್ರಿಯವೂ ಆಗಿರುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಬ್ಯಾಂಕಿನಲ್ಲಿ 'ಎನ್‌ಪಿಸಿಐ ಸ್ಥಿತಿ ತೋರಿಸಿ' ಎಂದೇ ಕೇಳಬೇಕು, ಇದೇ ಶಬ್ದಗಳಲ್ಲಿ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ಮಾಡಿಸಿದರೆ ಪೋಸ್ಟ್‌ಮ್ಯಾನ್ ದುಡ್ಡನ್ನು ಇದ್ದಲ್ಲಿಗೇ ತಂದುಕೊಡುತ್ತಾರೆ, ಕಾಲು ಬಾರದವರಿಗೆ ಇದು ದೊಡ್ಡ ಉಪಕಾರ.

ಕಂಬಳಿ ಹಂಚುವವರಿಗೂ ಒಂದು ಮಾತು. ಡಿಸೆಂಬರಿನಲ್ಲಿ ಒಬ್ಬರ ಮೈಮೇಲೆ ಮೂರು ಕಂಬಳಿ ಬೀಳುತ್ತವೆ, ಮೂರೂ ಫೋಟೋ ಸಮೇತ. ನಮ್ಮ ಕಡೆ ಜೂನಿನಲ್ಲಿ ಹಿಡಿದ ಮಳೆಗೆ ನೆಂದ ಕಂಬಳಿ ವಾರವಾದರೂ ಒಣಗದೆ ನಾರುತ್ತದೆ, ಆಮೇಲೆ ಅದನ್ನು ಬಿಸಾಡುವುದೇ. ಆಗ ಬೇಕಾದದ್ದು ನೆಲಕ್ಕೊಂದು ಮೇಲಕ್ಕೊಂದು ದಪ್ಪ ಪ್ಲಾಸ್ಟಿಕ್ ಹಾಳೆ, ರಬ್ಬರ್ ಚಪ್ಪಲಿ, ಬೆರಳ ಸಂದಿಯ ಕೆಸರುಹುಣ್ಣಿಗೆ ಮುಲಾಮು. ಮದುವೆಯಲ್ಲಿ ಉಳಿದ ಸಾಂಬಾರನ್ನು ರಾತ್ರಿ ಹನ್ನೊಂದಕ್ಕೆ ತಂದು ಸುರಿಯಬೇಡಿ. ಅಷ್ಟು ಹೊತ್ತಿಗೆ ಅದು ಹುಳಿ ತಿರುಗಿರುತ್ತದೆ, ಬೆಳಗ್ಗೆ ಭೇದಿಯಾದರೆ ಅವರಿಗೆ ಹೋಗಲು ಕಕ್ಕಸೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೂ "ಅದಿರ್ಲಿ, ಹಾಕಬೇಕಾ ಬೇಡವಾ?" ಎನ್ನುವವರು ಇದ್ದೇ ಇರುತ್ತಾರೆ. ಹಾಕಿ ಮಾರಾಯ್ರೆ, ಹಾಕಿ. ಇಲ್ಲವಾದರೆ ಒಂದು ದಿನ ಬಿಡುವು ಮಾಡಿಕೊಂಡು ಒಬ್ಬರೇ ಒಬ್ಬರನ್ನು ಆಟೋದಲ್ಲಿ ಕೂರಿಸಿಕೊಂಡು ನಾಡಕಚೇರಿಗೆ ಹೋಗಿ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನಕ್ಕೆ ಸರ್ವರ್ ಮಲಗುತ್ತದೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದರದ್ದೂ ಎರಡೆರಡು ಪ್ರತಿ, ನಾಲ್ಕು ಫೋಟೋ. ಚಿಲ್ಲರೆ ಮರೆಯಬೇಡಿ. ಜೆರಾಕ್ಸ್ ಅಂಗಡಿಯವನ ಹತ್ತಿರ 'ಚಿಲ್ಲರೆ ಇಲ್ಲ, ಮುಂದೆ ಹೋಗಪ್ಪ' ಎಂದರೆ ನಡೆಯುವುದಿಲ್ಲ.