ಆರು ವಾರ ಸುಮ್ನಿದ್ದ ಮೀನಖಂಡ

ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಕಾಲು ನನಗೇ ಗುರುತು ಸಿಗಲಿಲ್ಲ.

ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅನ್ನುವುದು ಗಮನಕ್ಕೆ ಬಾರದೆ ಕಾಲಿಟ್ಟು, ಪಾದದ ಗಂಟಿನ ಮೂಳೆ ಮುರಿದುಕೊಂಡಿದ್ದೆ. ಆರು ವಾರ ಕಾಲು ಅಲ್ಲಾಡಿಸುವ ಹಾಗಿರಲಿಲ್ಲ. ಮೂಳೆ ಕೂಡಿಕೊಂಡಿತೋ ಇಲ್ಲವೋ ಅನ್ನುವುದೊಂದೇ ಚಿಂತೆ. ಮಾಂಸದ ಗತಿ ಏನು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಗೆ ಬಂದು ಬಟ್ಟೆ ಹೊಲಿಯುವ ಟೇಪ್ ತೆಗೆದು ಅಳೆದೆ. ಬಲಗಾಲಿನ ಮೀನಖಂಡ 36 ಸೆಂಟಿಮೀಟರ್. ಎಡಗಾಲಿನದು 32.5. ಮುಟ್ಟಿದರೆ ಮೂಳೆಗೆ ಜೋತುಬಿದ್ದ ಖಾಲಿ ಚೀಲದ ಹಾಗೆ ಮೆತ್ತಗೆ. ಫ್ಯಾನ್ ಗಾಳಿ ತಗುಲಿ ಆ ಬಡಕಲು ಕಾಲಿನ ಮೇಲೂ ರೋಮ ಎದ್ದು ನಿಂತವು. ಒಂದೊಂದು ರೋಮದ ಬುಡದಲ್ಲೂ ಅದನ್ನು ಎಬ್ಬಿಸುವ ಪುಟ್ಟ ಸ್ನಾಯು ಇರುತ್ತದೆ. ಅದು ನಯ ಸ್ನಾಯು, ಕರುಳಲ್ಲಿ, ರಕ್ತನಾಳದ ಗೋಡೆಯಲ್ಲಿ ಇರುವ ಜಾತಿಯದು. ನಾವು ಹೇಳಿದ್ದನ್ನು ಅದು ಕೇಳುವುದೂ ಇಲ್ಲ, ನಾವು ಸುಮ್ಮನಾದರೆ ಅದು ಸುಮ್ಮನಾಗುವುದೂ ಇಲ್ಲ. ಹೃದಯದ್ದು ಮೂರನೆಯ ಜಾತಿ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಅದಕ್ಕೆ ರಜೆಯೇ ಇಲ್ಲ. ನನ್ನ ಆರು ವಾರದ ರಜೆಯಲ್ಲಿ ಸೊರಗಿದ್ದು ಮೂಳೆಗೆ ಅಂಟಿಕೊಂಡಿರುವ, ನಮ್ಮ ಮಾತು ಕೇಳುವ ಸ್ನಾಯು ಮಾತ್ರ.

ಹಾಗಾದರೆ ಆ ಮೂರೂವರೆ ಸೆಂಟಿಮೀಟರ್ ಎಲ್ಲಿಗೆ ಹೋಯಿತು? ಸ್ನಾಯುವಿನ ಎಳೆಗಳೇ ಉದುರಿಹೋದವು ಅಂದುಕೊಂಡಿದ್ದೆ. ಹಾಗಲ್ಲವಂತೆ. ಎಳೆಗಳ ಲೆಕ್ಕ ಹೆಚ್ಚೂಕಡಿಮೆ ಮೊದಲಿನಷ್ಟೇ ಇರುತ್ತದೆ, ಒಂದೊಂದೂ ತೆಳುವಾಗುತ್ತದೆ. ಸ್ನಾಯುವಿನೊಳಗೆ ಪ್ರೋಟೀನ್ ಕಟ್ಟುವ ಕೆಲಸ, ಒಡೆಯುವ ಕೆಲಸ ಎರಡೂ ಸದಾ ನಡೆಯುತ್ತಿರುತ್ತವೆ. ಕಾಲು ಕೆಲಸ ಬಿಟ್ಟ ಕೂಡಲೇ ಕಟ್ಟುವುದು ನಿಧಾನವಾಗುತ್ತದೆ, ಒಡೆಯುವುದೇ ಜಾಸ್ತಿಯಾಗುತ್ತದೆ.

ಎಳೆ ಅಂದರೆ ಏನು ಅಂತ ಓದುತ್ತಾ ಕೂತವನು ಅವತ್ತು ರಾತ್ರಿ ಮಲಗಿದ್ದು ತಡವಾಗಿ. ಒಂದು ಎಳೆ ಅಂದರೆ ಒಂದೇ ಜೀವಕೋಶ. ದಪ್ಪ ಕೂದಲಷ್ಟೋ, ಅದಕ್ಕಿಂತ ಕಮ್ಮಿಯೋ. ಉದ್ದ ಮಾತ್ರ ಹಲವು ಸೆಂಟಿಮೀಟರ್ ಇರಬಹುದು. ಒಳಗೆ ಕೋಶಕೇಂದ್ರ ಒಂದಲ್ಲ, ನೂರಾರು. ಇಂಥ ಎಳೆಗಳ ಕಟ್ಟು, ಕಟ್ಟುಗಳ ಕಟ್ಟು, ಅದರ ಮೇಲೊಂದು ಪೊರೆ. ಎಳೆಯ ಒಳಗೆ ಹೋದರೆ ಮತ್ತೆ ಸಣ್ಣ ಎಳೆಗಳು. ಅವುಗಳ ಉದ್ದಕ್ಕೂ ಸಾರ್ಕೋಮಿಯರ್ ಎಂಬ ತುಂಡುಗಳು ಒಂದರ ಹಿಂದೊಂದು ಜೋಡಿಸಿಕೊಂಡಿವೆ. ಒಂದು ಮಿಲಿಮೀಟರಿಗೆ ಸುಮಾರು 400. ಪ್ರತಿ ತುಂಡಿನಲ್ಲೂ ಆಕ್ಟಿನ್ ಎಂಬ ತೆಳು ತಂತು, ಮಯೋಸಿನ್ ಎಂಬ ದಪ್ಪ ತಂತು.

ಸ್ನಾಯು ಚಿಕ್ಕದಾಗುವಾಗ ಈ ತಂತುಗಳು ಮುದುಡುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಇದನ್ನು 1954ರಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ವಿಜ್ಞಾನಿಗಳ ಎರಡು ಜೋಡಿಗಳು ಹೇಳಿದವು. ಒಂದು ಜೋಡಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಇಬ್ಬರು ಹಕ್ಸ್‌ಲಿಗಳು ಸಂಬಂಧಿಕರೂ ಅಲ್ಲ! ಒಂದೇ ಮನೆತನದವರು ಅಂದುಕೊಂಡು ನಾನು ಅರ್ಧ ಗಂಟೆ ದಾರಿ ತಪ್ಪಿದ್ದೆ.

ಬಾವಿಯಿಂದ ಕೊಡ ಸೇದುವುದನ್ನು ನೆನೆಸಿಕೊಳ್ಳಿ. ಒಂದು ಕೈ ಹಗ್ಗ ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮುಂದೆ ಹೋಗಿ ಮತ್ತೆ ಹಿಡಿಯುತ್ತದೆ. ಮಯೋಸಿನ್‌ಗೆ ಅಂಥ ನೂರಾರು ಕೈಗಳು. ನರದಿಂದ ಅಪ್ಪಣೆ ಬಂದಾಗ ಎಳೆಯೊಳಗೆ ಕ್ಯಾಲ್ಸಿಯಂ ಚೆಲ್ಲುತ್ತದೆ. ಆಕ್ಟಿನ್ ಮೇಲಿನ ಹಿಡಿಯುವ ಜಾಗಗಳು ತೆರೆದುಕೊಳ್ಳುತ್ತವೆ, ಕೈಗಳು ಎಳೆಯಲು ಶುರುಮಾಡುತ್ತವೆ. ನನಗೆ ಇಲ್ಲಿ ಹಿಡಿಸಿದ ವಿಷಯ ಬೇರೆ. ಎಳೆಯಲು ಶಕ್ತಿ ಬೇಕು, ಸರಿ. ಆದರೆ ಹಿಡಿದ ಕೈ ಬಿಡಬೇಕಾದರೂ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಬಂದು ಮಯೋಸಿನ್‌ಗೆ ಅಂಟಿಕೊಳ್ಳಲೇಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಇದಕ್ಕೇ. ಎಟಿಪಿ ಮುಗಿದಿರುತ್ತದೆ, ಕೈಗಳು ಹಿಡಿದದ್ದನ್ನು ಬಿಡಲಾರದೆ ಹಾಗೇ ನಿಂತುಬಿಡುತ್ತವೆ.

ಫಿಸಿಯೋಥೆರಪಿಸ್ಟ್ ಕೊಟ್ಟ ಮೊದಲ ಕೆಲಸ ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತುವುದು. ಆಮೇಲೆ ನಿಂತು ಎತ್ತುವುದು. ಎರಡೂ ಒಂದೇ ಅಲ್ವಾ ಅಂತ ಕೇಳಿದೆ. "ಮಂಡಿ ಮಡಚಿ ಎತ್ತಿ, ಮೀನಖಂಡ ಮುಟ್ಟಿ ನೋಡಿ. ಆಮೇಲೆ ನಿಂತು ನೋಡಿ" ಅಂದರು. ಬಲಗಾಲಿನಲ್ಲಿ ಮಾಡಿ ನೋಡಿದೆ. ಕೂತಾಗ ಹಿಂದಿನ ಉಬ್ಬು ಮೆತ್ತಗೇ ಉಳಿಯಿತು, ನಿಂತಾಗ ಕಲ್ಲಾಯಿತು. ಅಲ್ಲಿರುವುದು ಮುಖ್ಯವಾಗಿ ಎರಡು ಸ್ನಾಯು. ಹೊರಗೆ ಕಾಣುವ ಗ್ಯಾಸ್ಟ್ರೋನೀಮಿಯಸ್ ಮಂಡಿಯನ್ನು ದಾಟಿ ತೊಡೆಮೂಳೆಗೆ ಅಂಟಿದೆ. ಮಂಡಿ ಮಡಚಿದರೆ ಅದು ಸಡಿಲ, ಎಳೆಯಲು ಬಿಗಿಯೇ ಸಿಗುವುದಿಲ್ಲ. ಅದರಡಿಯ ಸೋಲಿಯಸ್ ಮಂಡಿಯ ಕೆಳಗೇ ಶುರುವಾಗುತ್ತದೆ, ಮಂಡಿ ಹೇಗಿದ್ದರೂ ಅದಕ್ಕೆ ಲೆಕ್ಕವಿಲ್ಲ. ಅದರಲ್ಲಿ ನಿಧಾನವಾಗಿ ಎಳೆಯುವ, ಬೇಗ ದಣಿಯದ ಎಳೆಗಳೇ ಜಾಸ್ತಿ. ನಾವು ನಿಂತಿರುವಷ್ಟೂ ಹೊತ್ತು ಮುಗ್ಗರಿಸದ ಹಾಗೆ ನೋಡಿಕೊಳ್ಳುವ ಕೂಲಿ ಅದರದು. ಎರಡೂ ಕೆಳಗೆ ಒಂದೇ ಹುರಿಯಾಗಿ ಹಿಮ್ಮಡಿಗೆ ಸೇರುತ್ತವೆ.

ಮೂರು ವಾರ ಕಳೆಯಿತು. ಟೇಪ್ ಹಿಡಿದರೆ 33. ಅರ್ಧ ಸೆಂಟಿಮೀಟರ್ ಅಷ್ಟೇ! ಆದರೆ ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿ ನಾಲ್ಕು ಸಲ ಎತ್ತುತ್ತಿದ್ದೆ. ಮೊದಲ ವಾರ ಒಂದು ಸಲವೂ ಆಗಿರಲಿಲ್ಲ. ಮಾಂಸ ಬೆಳೆಯದೆ ಬಲ ಬಂದದ್ದು ಹೇಗೆ? ಮೊದಲ ವಾರಗಳಲ್ಲಿ ಕಲಿಯುವುದು ನರವಂತೆ. ಇರುವ ಎಳೆಗಳಲ್ಲೇ ಹೆಚ್ಚಿನವನ್ನು ಒಟ್ಟಿಗೆ ಎಬ್ಬಿಸುವುದನ್ನು ಅದು ಮತ್ತೆ ರೂಢಿ ಮಾಡಿಕೊಳ್ಳುತ್ತದೆ. ಎಳೆ ದಪ್ಪವಾಗುವುದು ಆಮೇಲೆ, ನಿಧಾನಕ್ಕೆ.

ಅದೇ ವಾರ ಒಂದು ರಾತ್ರಿ ಎಡ ಮೀನಖಂಡ ಹಿಡಿದುಕೊಂಡಿತು. ಕಿರುಚಿಕೊಂಡೇ ಎದ್ದೆ. "ನರ ಹಿಡ್ಕೊಂಡಿದೆ, ಬೆರಳು ಎಳ್ಕೊ" ಅಂದರು ಅಮ್ಮ, ಕಣ್ಣು ಬಿಡದೆಯೇ. ಹಿಡಿದಿರುವುದು ಸ್ನಾಯು, ನರ ಅಲ್ಲ ಅಂತ ತಿದ್ದಲು ಹೋದೆ. ಮಾರನೆಯ ದಿನ ಓದಿದರೆ ಅಮ್ಮನ ಮಾತೂ ಪೂರ್ತಿ ತಪ್ಪಲ್ಲ. ಹೀಗೆ ಹಿಡಿದುಕೊಂಡಾಗ ಸ್ನಾಯುವಿನ ನರವೇ ಬಿಡುವಿಲ್ಲದೆ ಅಪ್ಪಣೆ ಕಳಿಸುತ್ತಿರುತ್ತದೆ. ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದುಕೊಂಡಾಗ ಗಂಟು ಮೆಲ್ಲಗೆ ಬಿಟ್ಟಿತು. ಅಷ್ಟರಲ್ಲಿ ಒಂದು ಸಲ ಕೈಯಿಂದ ಮುಟ್ಟಿ ನೋಡಿದ್ದೆ. ಆ ಖಾಲಿ ಚೀಲದಲ್ಲಿ ಗಟ್ಟಿ ಉಂಡೆಯೊಂದು ಎದ್ದಿತ್ತು. ನೋವಿನಲ್ಲೂ ಸ್ವಲ್ಪ ಖುಷಿಯಾಯಿತು.